ಬ್ಯಾಡ ಎನ್ನುವ ಕಂಬ

ನಮ್ಮೂರಿನಲ್ಲಿ ಒಂದು ಮನೆಯನ್ನು ಹೊಗಳಬೇಕಾದರೆ ‘ಮೂಕ ಮನೆ’ ಎನ್ನುತ್ತಾರೆ. ದೊಡ್ಡದು, ಚೆಂದದ್ದು, ಗಾಳಿ ಬೆಳಕು ಇರುವಂಥದ್ದು, ಇವೆಲ್ಲ ಆಮೇಲಿನ ಮಾತು. ಹೆಣ್ಣು ಕೊಡಲು ಬಂದವರು ಹುಡುಗನ ಮುಖ ನೋಡುವ ಮೊದಲು ಗೋಡೆಗೆ ಕಿವಿ ಹಚ್ಚುತ್ತಾರೆ. ಇಲ್ಲಿ ಕಾಂಕ್ರೀಟು ಹಾಕುವಾಗ ಆಡಿದ ಮಾತು ಒಳಗಿನ ಕಬ್ಬಿಣದ ಸರಳಿನಲ್ಲಿ ಉಳಿದುಬಿಡುತ್ತದೆ. ಸರಳಿಗೆ ತುಕ್ಕು ಹತ್ತಿತೆಂದರೆ ಆ ಮಾತು ಹೊರಗೆ ಬರುತ್ತದೆ, ಆಡಿದವರದೇ ದನಿಯಲ್ಲಿ. ಮಳೆ ಬಿದ್ದಾಗ ತುಸು ಜೋರಾಗಿಯೇ ಬರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರಿನವರು ಹೇಳಿಕೊಳ್ಳಲಿ. ನಮ್ಮಲ್ಲಿ ಆಡಿದ್ದು ಎಲ್ಲಿಗೂ ಹೋಗುವುದಿಲ್ಲ.

ಅಂಚೆ ಕಚೇರಿಯ ಸಜ್ಜಾ ಪ್ರತಿ ಮಳೆಗಾಲದಲ್ಲಿ “ಲೇ, ಸರೀರ್ಲೇ, ಹಲಗಿ ಜಾರಾಕತ್ತೈತಿ!” ಎಂದು ಕೂಗುತ್ತದೆ. ಆ ಹಲಗೆ ಜಾರಿ ನಲವತ್ತು ವರ್ಷವಾಯಿತು. ಆದರೂ ಕೆಳಗೆ ನಡೆಯುವವರು ಇಂದಿಗೂ ಒಂದು ಹೆಜ್ಜೆ ಪಕ್ಕಕ್ಕೆ ಹಾರುತ್ತಾರೆ. ದರ್ಜಿ ಹುಸೇನಸಾಬರ ಮನೆಯ ಬಾಗಿಲ ಮೇಲಿನ ಲಿಂಟಲ್ ಸೀನುತ್ತದೆ. ಎಲ್ಲಿಗಾದರೂ ಹೊರಟಾಗ ಅದು ಸೀನಿದರೆ ಮನೆಮಂದಿಯೆಲ್ಲ ಒಳಗೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಶ್ರಾವಣದಲ್ಲಿ ಅವರಿಗೆ ಬಸ್ಸು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹೀಗಾಗಿ ಕಾಂಕ್ರೀಟಿನ ದಿನ ಯಾರೂ ಮಾತಾಡುವುದಿಲ್ಲ. ಎರಡು ಬೆರಳು ಎತ್ತಿದರೆ ನೀರು, ಮುಷ್ಟಿ ತೋರಿಸಿದರೆ ನಿಲ್ಲಿಸು. ನಾಲಿಗೆಯನ್ನು ನಂಬುವಂತಿಲ್ಲವಾದ್ದರಿಂದ ಪ್ರತಿಯೊಬ್ಬರೂ ಬಾಯಲ್ಲಿ ಒಂದೊಂದು ಹೆಂಟೆ ಬೆಲ್ಲ ಇಟ್ಟುಕೊಳ್ಳುತ್ತಾರೆ. ಅದಕ್ಕೂ ಮೊದಲು ಮನೆಯ ಯಜಮಾನ ಕಲಸುವ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು ನೋಡಬೇಕು. ನಮ್ಮೂರ ಬಾವಿಗಳೆಲ್ಲ ಸವಳು. ಆ ಉಪ್ಪು ಕಾಂಕ್ರೀಟಿನೊಳಗೆ ಸೇರಿತೆಂದರೆ ಎಷ್ಟು ಸಿಮೆಂಟು ಸುರಿದರೂ ಸರಳು ಉಳಿಯದು. ಆದ್ದರಿಂದ ಎಂಟು ಮೈಲಿಯಾಚೆಯ ಹೊಂಡದಿಂದ ಸಿಹಿನೀರು ತರಬೇಕು. ಯಜಮಾನ ಕುಡಿದು ತಲೆಯಾಡಿಸಿದ ಮೇಲೆಯೇ ಮೊದಲ ಬುಟ್ಟಿ.

ನನ್ನ ಹೆಸರು ಮೌನೇಶ. ಕಂಬಾರರ ಮಗ. ಹೆಸರಿಟ್ಟ ಅಜ್ಜನಿಗೆ ಮುಂದೆ ನಾನು ಎಂಥ ಬಾಯಿಬಡುಕನಾಗುತ್ತೇನೆಂದು ಹೇಗೆ ತಿಳಿಯಬೇಕು? ಊರಿನ ಮನೆಗಳ ಬಾಯಿ ಮುಚ್ಚಿಸುವುದೇ ನನ್ನ ಕಸುಬು. ಸುತ್ತಿಗೆಯಿಂದ ಬಡಿದರೆ ಗಟ್ಟಿ ಕಂಬ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ ಎನ್ನುತ್ತದೆ. ಡಬ್ ಎಂದಲ್ಲಿ ಒಡೆದು, ಸರಳಿನ ಬೆನ್ನಿನವರೆಗೆ ಕೊರೆದು, ಕಬ್ಬಿಣ ಬೆಳ್ಳಗೆ ಕಾಣುವ ತನಕ ತಂತಿ ಬ್ರಷ್ಷಿನಿಂದ ಉಜ್ಜುತ್ತೇನೆ. ಬ್ರಷ್ಷು ಆಡಿತೆಂದರೆ ಮಾತು ಮುಗಿಯಿತು. ಅದು ಮತ್ತೆಂದೂ ಬಾರದು. “ತುಕ್ಕಿನ ಮೌನೇಶ ಬಂದ, ಬಾಯಿ ಮುಚ್ಚು” ಎಂದು ತಾಯಂದಿರು ಅಳುವ ಮಕ್ಕಳಿಗೆ ಹೇಳುವುದನ್ನು ಕೇಳಿ ನಾನು ಒಳಗೊಳಗೇ ಉಬ್ಬಿದ್ದೇನೆ.

ಇಷ್ಟೆಲ್ಲ ಜಂಬವಿದ್ದವನು ಹನ್ನೊಂದು ವರ್ಷ ಒಂದೇ ಒಂದು ಕಂಬಕ್ಕೆ ಹೆದರಿಕೊಂಡಿದ್ದೆ. ಅದು ನೀಲಕ್ಕನ ಖಾನಾವಳಿಯ ನಡುವಿನ ಕಂಬ.

ನೀಲಕ್ಕನ ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಿನ್ನದವರು ಊರಿನಲ್ಲಿಲ್ಲ. ಆಕೆಯ ಬೈಗುಳ ತಿನ್ನದವರೂ ಇಲ್ಲ. ಕೆಳಗೆ ಖಾನಾವಳಿ, ಮೇಲಿನ ಮಹಡಿಯಲ್ಲಿ ಕಲಾವತಿ ಅಕ್ಕೋರ ಬಾಲವಾಡಿ, ಮೂವತ್ತೊಂದು ಮಕ್ಕಳು. ನೀಲಕ್ಕನ ಗಂಡ ಅಡಿವೆಪ್ಪಣ್ಣ ಹತ್ತಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನಷ್ಟು ಮಾತು ಕಡಿಮೆ ಇದ್ದವರನ್ನು ನಾನು ನೋಡಿಲ್ಲ. ಕಾಂಕ್ರೀಟಿನ ದಿನ ಬೆಲ್ಲದ ಖರ್ಚು ದಂಡವಾಗುತ್ತಿದ್ದುದು ಅವನೊಬ್ಬನ ವಿಷಯದಲ್ಲಿ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ, ಈಕೆ ತಟ್ಟೆ ಇಡುತ್ತಿದ್ದಳು. ಊಟ ಚೆನ್ನಾಗಿತ್ತು ಎಂದೂ ಅನ್ನಲಿಲ್ಲ, ಕೆಟ್ಟಿತ್ತು ಎಂದೂ ಅನ್ನಲಿಲ್ಲ. “ಗೋಡಿಗೆ ಊಟಾ ಹಾಕಿದಂಗ ಆಗೈತಿ ನನಗ” ಎಂದು ಆಕೆ ಗೊಣಗಿದರೆ ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ, ಅಷ್ಟೇ.

ಅಂಥವನು ಒಂದು ದಿನ ಮಾತಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮೂವತ್ತೆಂಟು ವರ್ಷದ ಹಿಂದೆ, ಆ ಕಟ್ಟಡ ಎಬ್ಬಿಸುವಾಗ. ನನಗೆ ಇಪ್ಪತ್ತು ವರ್ಷ. ಮೇಸ್ತ್ರಿ ನನಗೆ ನೀರಿನ ಉಸ್ತುವಾರಿ ಕೊಟ್ಟಿದ್ದರು. ಮರುದಿನ ನಾನು ಹೆಣ್ಣು ನೋಡಲು ಹೋಗಬೇಕಿತ್ತು. ಸವಳು ನೀರಿನಲ್ಲಿ ತಲೆ ತೊಳೆದರೆ ಕೂದಲು ತೆಂಗಿನ ನಾರಿನ ಹಾಗೆ ನಿಲ್ಲುತ್ತದೆ. ಆ ತಲೆ ಹೊತ್ತುಕೊಂಡು ಹೆಣ್ಣಿನ ಮನೆಗೆ ಹೇಗೆ ಹೋಗುವುದು? ಬೆಳಿಗ್ಗೆ ಯಾರೂ ಬರುವ ಮೊದಲು ನಾಲ್ಕು ಕೊಡ ಸಿಹಿನೀರು ತಲೆಗೆ ಸುರಿದುಕೊಂಡೆ. ಸಂಜೆ ಕೊನೆಯದಾದ ಈ ನಡುವಿನ ಕಂಬಕ್ಕೆ ಬರುವಾಗ ಸರಿಯಾಗಿ ನಾಲ್ಕು ಕೊಡ ಕಡಿಮೆ ಬಿತ್ತು. ಯಾರಿಗೂ ಹೇಳದೆ ಹಿತ್ತಲ ಬಾವಿಯಿಂದ ಸೇದಿ ತಂದೆ.

ಅಡಿವೆಪ್ಪಣ್ಣ ಎಂದಿನಂತೆ ಬೊಗಸೆಯೊಡ್ಡಿ ಆ ನೀರನ್ನೂ ಕುಡಿದ. ನನ್ನ ಜೀವ ಬಾಯಿಗೆ ಬಂದಿತ್ತು. ಅವನು ನನ್ನ ಮುಖ ನೋಡಿದ, ಎಣ್ಣೆ ಹಚ್ಚಿ ಬಾಚಿದ ನನ್ನ ತಲೆ ನೋಡಿದ, ಸರಿ ಎಂದು ತಲೆಯಾಡಿಸಿದ. ಬಾಯಲ್ಲಿ ಬೆಲ್ಲವಿತ್ತಲ್ಲ, ಉಪ್ಪು ತಿಳಿದಿರಲಿಕ್ಕಿಲ್ಲ ಎಂದುಕೊಂಡೆ. ಮೂವತ್ತು ವರ್ಷ ಅದನ್ನೇ ನಂಬಿಕೊಳ್ಳಲು ನೋಡಿದೆ. ಕಂಬದ ಹಲಗೆಯೊಳಗೆ ಕಾಂಕ್ರೀಟು ಬೀಳುತ್ತಿರುವಾಗ ಅವನು ಏಣಿ ಹತ್ತಿ, ಬಾಯಲ್ಲಿನ ಬೆಲ್ಲವನ್ನು ಅಂಗೈಗೆ ತೆಗೆದುಕೊಂಡು, ಬಗ್ಗಿ ಏನೋ ಹೇಳಿದ. ನಾನು ದೂರದಲ್ಲಿದ್ದೆ, ಕೇಳಿಸಲಿಲ್ಲ. ಮತ್ತೆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಇಳಿದು ಹೋದ. ಅಂದಹಾಗೆ, ಆ ಹೆಣ್ಣು ನನ್ನನ್ನು ಒಪ್ಪಲಿಲ್ಲ. ಕೂದಲು ಚೆನ್ನಾಗಿತ್ತಂತೆ, ಮಾತು ಹೆಚ್ಚಾಯಿತಂತೆ.

ಅಡಿವೆಪ್ಪಣ್ಣ ತೀರಿಕೊಂಡ ದಿನ ನೀಲಕ್ಕ ಅಳಲಿಲ್ಲ. ಒಲೆಯ ಮುಂದೆ ಕೂತು, “ಒಂದ ಮಾತ ಆಡದಂಗ ಹೋದ ನೋಡ” ಎಂದಳು. ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಅಣ್ಣ ಆ ಕಂಬದಾಗ ಏನೋ ಹೇಳ್ಯಾನ, ನಾ ನೋಡೇನಿ” ಎಂದುಬಿಟ್ಟೆ. ನನ್ನ ಬಾಯಿಗೆ ಬೆಲ್ಲ ತುರುಕುವವರು ಅಂದು ಯಾರೂ ಇರಲಿಲ್ಲ. ಆಗ ಆಕೆ ಅತ್ತಳು. ಅಂದಿನಿಂದ ಆ ಕಂಬಕ್ಕೆ ಬೇರೆ ಮರ್ಯಾದೆ. ಹಬ್ಬಕ್ಕೆ ಅರಿಸಿನ, ದಿನಾ ಒಂದು ಒರೆಸು. ಬೇರೆಯವರೆಲ್ಲ ಕಂಬ ಮೂಕವಾಗಿರಲೆಂದು ಬೇಡಿಕೊಂಡರೆ ಈಕೆ ಬಾಯಿ ಬಿಡಲೆಂದು ಕಾಯುತ್ತಿದ್ದಳು. ನಾನು ಬಿಡದಿರಲೆಂದು ಕಾಯುತ್ತಿದ್ದೆ. ಅಷ್ಟು ಬೇಗ ತುಕ್ಕು ಹತ್ತಿತೆಂದರೆ ನೀರಿನ ವಿಷಯ ಬರಲೇಬೇಕಲ್ಲ.

ಅವನು ತೀರಿಕೊಂಡ ಎಂಟು ವರ್ಷಕ್ಕೆ ಅದು ಬಾಯಿ ಬಿಟ್ಟಿತು. ಮೊದಲು ಬರೀ ಗುಂಯ್ ಎನ್ನುತ್ತಿತ್ತು. ಎರಡನೆಯ ಮಳೆಗಾಲದಲ್ಲಿ ಒಂದು ಮಾತು ಸ್ಪಷ್ಟವಾಯಿತು: “ಬ್ಯಾಡ.” ಅಡಿವೆಪ್ಪಣ್ಣನದೇ ದನಿ. ಹಿಂದೆ ಮುಂದೆ ಏನೋ ಇತ್ತು, ಅದು ತಿಳಿಯುತ್ತಿರಲಿಲ್ಲ. ನೀಲಕ್ಕ ರೊಟ್ಟಿಯ ಬುಟ್ಟಿ ಹಿಡಿದು “ಇನ್ನೊಂದು?” ಎಂದಾಗಲೆಲ್ಲ ಕಂಬ “ಬ್ಯಾಡ” ಎನ್ನುತ್ತಿತ್ತು. ಆಕೆ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದಳು, ಹಸಿದವನು ತಟ್ಟೆ ಎತ್ತಿ ಹಿಡಿದು “ನಾ ಅಲ್ರೀ ಅಂದದ್ದು, ಕಂಬ!” ಎಂದು ಕೂಗಬೇಕಾಗುತ್ತಿತ್ತು. ಏನು ಬೇಡ ಎಂದಿರಬಹುದೆಂದು ಊರೆಲ್ಲ ಚರ್ಚೆ. ಅಳಬ್ಯಾಡ ಎಂದಿರಬೇಕು ಎಂದು ನೀಲಕ್ಕನ ಆಸೆ. ಸವಳು ನೀರು ಬ್ಯಾಡ ಎಂದೇ ಹೇಳಿದ್ದಾನೆ ಎಂದು ನನ್ನ ಹೆದರಿಕೆ.

ಬಾಯಿ ಬಿಟ್ಟ ಮೂರನೆಯ ವರ್ಷ, ಬೇಸಿಗೆಯ ಕೊನೆಗೆ ಕಂಬ ಬುಡದಿಂದ ಎದೆಮಟ್ಟದವರೆಗೆ ಸೀಳು ಬಿಟ್ಟಿತು. ತುಕ್ಕು ಹತ್ತಿದ ಸರಳು ಉಬ್ಬುತ್ತದೆ, ಉಬ್ಬಿ ತನ್ನನ್ನು ಮುಚ್ಚಿಕೊಂಡ ಕಾಂಕ್ರೀಟನ್ನೇ ಒಡೆಯುತ್ತದೆ. ಸುತ್ತಿಗೆ ಬಡಿದೆ. ಡಬ್. ಇನ್ನೊಂದು ಮಗ್ಗುಲು ಬಡಿದೆ. ಅಲ್ಲಿಯೂ ಡಬ್. ಮೇಲೆ ಮೂವತ್ತೊಂದು ಮಕ್ಕಳು ಕಪ್ಪೆಯಾಟ ಆಡುತ್ತ ಜಿಗಿಯುತ್ತಿದ್ದರು. ಅಂದೇ ಕಂಬದ ಸುತ್ತ ಮಹಡಿಗೆ ಆಸರೆಯಾಗಿ ನಾಲ್ಕು ಕಬ್ಬಿಣದ ಜಾಕ್ ಕೊಟ್ಟು ನಿಲ್ಲಿಸಿದೆ. ಕಲಾವತಿ ಅಕ್ಕೋರಿಗೆ ಜಿಗಿತ ನಿಲ್ಲಿಸಿ ಎಂದೆ. “ಮೌನೇಶಣ್ಣಾ, ಕಪ್ಪಿಗೆ ಜಿಗೀಬ್ಯಾಡ ಅಂದ್ರ ಕೇಳತೈತೇನು?” ಎಂದರು ಅವರು.

“ಮಳಿ ಬರೂದ್ರಾಗ ಮುಗಸಬೇಕಕ್ಕ” ಎಂದೆ ನೀಲಕ್ಕನಿಗೆ. “ನೆಲ ನೆನದ್ರ ಜಾಕ್ ಕುಸೀತಾವ.”

“ಒಂದ ಮಳಿ ತಡಿಯೋ ತಮ್ಮಾ. ಒಂದ ಮಳಿ ಬಿತ್ತಂದ್ರ ಮಾತ ಪೂರಾ ಬರತೈತಿ. ನಿನ್ನ ಬ್ರಶ್ ಆಡಿದ ಮ್ಯಾಲ ಅಂವ ನನಗ ಇನ್ನೊಮ್ಮಿ ಸತ್ತಂಗ.”

“ಮ್ಯಾಲ ಮಕ್ಕಳದಾವಕ್ಕ.”

“ನನಗ ಗೊತ್ತಿಲ್ಲೇನು?” ಎಂದು ಆಕೆ ಲಟ್ಟಣಿಗೆ ಕುಟ್ಟಿದಳು. “ದಿನಾ ಅವಕ್ಕ ಗಂಜಿ ಕಾಸಿ ಕಳಸಾಕಿ ನಾನ.”

ಇಬ್ಬರೂ ಸರಿ ಇದ್ದೆವು. ಆದರೆ ನನ್ನ ಅವಸರದಲ್ಲಿ ಅರ್ಧ ಮಕ್ಕಳದು, ಇನ್ನರ್ಧ ನನ್ನದೇ. ಮಳೆ ಬರುವುದರೊಳಗೆ ಉಜ್ಜಿಬಿಟ್ಟರೆ ನನ್ನ ಗುಟ್ಟೂ ಉಜ್ಜಿಹೋಗುತ್ತಿತ್ತು. ಇದು ನನಗೆ ತಿಳಿದಿತ್ತು, ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗೈಯಗಲದ ಚಕ್ಕೆಯೊಂದು ಕಂಬದಿಂದ ಕಳಚಿ ಹುಸೇನಸಾಬರ ಸಾರಿನ ಬಟ್ಟಲಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಕ್ಕಳು ಮೆಟ್ಟಿಲಿಳಿದು ಮನೆಗೆ ಹೋಗುವ ದಾರಿಯೂ ಆ ಕಂಬದ ಪಕ್ಕದ್ದೇ. ಎಲ್ಲರೂ ಎದ್ದು ಹೋದ ಮೇಲೆ ನೀಲಕ್ಕನನ್ನು ಕೂರಿಸಿ ಹೇಳಿದೆ. ನಾಲ್ಕು ಕೊಡ, ತಲೆಸ್ನಾನ, ಹಿತ್ತಲ ಬಾವಿ, ಏನನ್ನೂ ಬಿಡಲಿಲ್ಲ. “ಈ ಕಂಬಕ್ಕ ತುಕ್ಕ ಹತ್ತೀದ್ದು ನನ್ನಿಂದ ಅಕ್ಕ. ಉಳಿದ ಹನ್ನೊಂದು ಕಂಬ ನೋಡು, ಒಂದಾದ್ರೂ ಬಾಯಿ ಬಿಟ್ಟೈತೇನು?”

ಅವತ್ತು ನಾನು ತಿಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ಕೂದಲಿನಿಂದ ಶುರುವಾಗಿ ನನ್ನ ಮುತ್ತಜ್ಜನ ಕುಲುಮೆಯವರೆಗೆ ಹೋಯಿತು. “ಅಂವ ನಿನ್ನ ನಂಬಿ ನೀರ ಕುಡದಿದ್ದ! ಮೂವತ್ತ ವರ್ಷ ನನ್ನ ಕೈಲೆ ಉಂಡು, ನನ್ನ ಮನಿ ಬುಡಕ್ಕ ಉಪ್ಪ ಸುರದೀಯಲ್ಲೋ!” ಎಂದಳು. ಸೌಟು ನನ್ನ ಕಿವಿಯ ಪಕ್ಕದಿಂದ ಹಾದುಹೋಯಿತು. “ಇನ್ನ ಈ ಹೊಸ್ತಿಲಾ ತುಳದೀ ಅಂದ್ರ ನೋಡ. ಬ್ಯಾರೆ ಊರಿಂದ ಮಂದಿ ಕರಸ್ತೇನಿ.” ಆದರೆ ಅಂದು ಸಂಜೆಯೇ ತಾನೇ ಮುಂದೆ ನಿಂತು ಬಾಲವಾಡಿಯ ಮಕ್ಕಳನ್ನು ಹುಸೇನಸಾಬರ ಅಂಗಡಿಯ ಪಡಸಾಲೆಗೆ ಸಾಗಿಸಿದಳು. ಆ ಪಡಸಾಲೆಗೆ ತಗಡಿನ ಚಾವಣಿ. ಮಳೆ ಬಂದರೆ ಅಲ್ಲಿ ಇಪ್ಪತ್ತು ಕಡೆ ಸೋರುತ್ತದೆ.

ಮೂರು ದಿನ ನಾನು ಮನೆಯಲ್ಲೇ ಕೂತೆ. ಊಟ ಸೇರಲಿಲ್ಲ. ಬೇರೆ ಕಡೆಯಿಂದ ತರಿಸಿದ ರೊಟ್ಟಿ ರೊಟ್ಟಿಯ ಹಾಗೆಯೇ ಇರಲಿಲ್ಲ, ಅದು ಬೇರೆ ಮಾತು. ಬೈಸಿಕೊಂಡದ್ದಕ್ಕಿಂತ, ಅವನು ನಂಬಿ ಕುಡಿದಿದ್ದ ಎಂದಳಲ್ಲ, ಅದು ನನ್ನನ್ನು ತಿನ್ನುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ವರ್ಷದ ಮೊದಲ ಮಳೆ ಧೋ ಎಂದು ಬಂತು. ಅದು ನಿಲ್ಲುವ ಮೊದಲೇ ಕಲಾವತಿ ಅಕ್ಕೋರು ಸೀರೆ ಎತ್ತಿ ಹಿಡಿದು, ಕೆಸರಲ್ಲಿ ಓಡುತ್ತ ನಮ್ಮ ಮನೆಗೆ ಬಂದರು. ಕಂಬ ಬಿತ್ತೆಂದೇ ತಿಳಿದೆ.

“ಕಂಬ ನಿಂತೈತಿ. ನೀವು ಬರ್ರಿ ಲಗೂನ, ನೀಲಕ್ಕ ಕರೀತಾಳ” ಎಂದರು.

ಖಾನಾವಳಿಯಲ್ಲಿ ಇಪ್ಪತ್ತು ಮಂದಿ ಎದ್ದು ಗೋಡೆಗೆ ಆನಿಕೊಂಡು ನಿಂತಿದ್ದರು, ಎಲ್ಲರ ಕೈಯೂ ಎಂಜಲು. ನೀಲಕ್ಕ ಕಂಬದ ಮುಂದೆ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಕಂಬದ ಕಡೆ ಗದ್ದ ಎತ್ತಿ ತೋರಿಸಿದಳು. ಹೊಸ್ತಿಲಲ್ಲೇ ನಿಂತೆ. ಮಳೆಯ ಸದ್ದಿನೊಳಗೆ ಅಡಿವೆಪ್ಪಣ್ಣ ಒಮ್ಮೆ ಕೆಮ್ಮಿದ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದನಲ್ಲ, ಅದೇ ಕೆಮ್ಮು. ಆಮೇಲೆ ಹೇಳಿದ:

“ನೀಲಾ, ಈ ಮಾತ ಕೇಳಿಸಿದ್ರ ಮೌನ್ಯಾಗ ಬೈಬ್ಯಾಡ. ನೀರ ಸವಳ ಅದಾವ, ನನಗ ಗೊತ್ತೈತಿ. ನಾಳಿ ಹೆಣ್ಣ ನೋಡಾಕ ಹೊಂಟಾನ ಪಾಪ. ಊಟಾ ಹಾಕಿ ಕಳಸು.”

ಬೆಲ್ಲ ಬಾಯಲ್ಲಿದ್ದರೂ ಅವನಿಗೆ ಉಪ್ಪು ತಿಳಿದಿತ್ತು. ನನ್ನ ತಲೆಗೂದಲು ನೋಡಿಯೇ ಎಲ್ಲ ತಿಳಿದಿತ್ತು. ಆಗ ಮುಷ್ಟಿ ಎತ್ತಿದ್ದರೆ ಕೆಲಸ ನಿಲ್ಲುತ್ತಿತ್ತು, ಮೇಸ್ತ್ರಿ ನನ್ನನ್ನು ಅಲ್ಲಿಂದಲೇ ಓಡಿಸುತ್ತಿದ್ದರು, ಈ ಊರಿನಲ್ಲಿ ನನಗೆ ಮತ್ತೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಅವನು ಮುಷ್ಟಿ ಎತ್ತಲಿಲ್ಲ. ಮುಂದೊಂದು ದಿನ ಈ ಕಂಬಕ್ಕೆ ತುಕ್ಕು ಹತ್ತುತ್ತದೆ, ನನ್ನ ತಪ್ಪು ಹೊರಗೆ ಬೀಳುತ್ತದೆ, ಹೆಂಡತಿ ನನ್ನನ್ನು ಹುರಿದು ಮುಕ್ಕುತ್ತಾಳೆ ಎಂದು ಲೆಕ್ಕ ಹಾಕಿ, ಸರಿಯಾಗಿ ಆ ದಿನಕ್ಕೆ ಬೇಕಾದ ಮಾತನ್ನು ಅಲ್ಲಿಟ್ಟು ಹೋಗಿದ್ದ. ಐವತ್ತು ದಾಟಿದವನು ಇಪ್ಪತ್ತು ಮಂದಿಯ ಮುಂದೆ ಹೋ ಎಂದು ಅತ್ತೆ.

ನೀಲಕ್ಕ ಅಳುತ್ತಿರಲಿಲ್ಲ. ಮುಖ ಒಂದು ಥರ ಕೆಂಪಾಗಿತ್ತು, ಹೊಸ ಮದುವಣಗಿತ್ತಿಯ ಹಾಗೆ. “ಹೆಸರ ಹಿಡದು ಕರದಾನ ನೋಡಿದೇನು” ಎಂದಳು. ಆಮೇಲೆ, “ಬೈಬ್ಯಾಡ ಅಂದಾನ. ನಾ ಬೈದ ಮೂರ ದಿನಾ ಆತು. ಈಗೇನ ಮಾಡ್ಲೋ ಮೌನ್ಯಾ?”

“ಬೈದದ್ದು ಬೈದಿ, ಹೋಗ್ಲಿಬಿಡಕ್ಕ.”

“ಹೋಗೂದೆಲ್ಲಿಗೆ, ಈ ಊರಾಗ?” ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ಕುಂದರ. ಎರಡನೇ ಮಾತರ ನಡಸ್ತೇನಿ.” ನನಗೆ ತಟ್ಟೆ ಇಟ್ಟಳು. ನಾಲ್ಕು ರೊಟ್ಟಿ, ಝುಣಕ, ಹಿಂಡಿ, ಮೊಸರು. ಐದನೆಯ ರೊಟ್ಟಿಗೆ ಕಂಬ “ಬೈಬ್ಯಾಡ” ಎಂದಿತು. ನಾವಿಬ್ಬರೂ ನಕ್ಕೆವು, ನಿಂತಿದ್ದವರೂ ನಕ್ಕರು. ಹೊರಗೆ ಮಳೆ ಜೋರಾಯಿತು. ಹುಸೇನಸಾಬರ ಪಡಸಾಲೆಯಿಂದ ಮಕ್ಕಳು ನೆನೆದು ಕಿರುಚುವುದು ಇಲ್ಲಿಗೆ ಕೇಳಿಸುತ್ತಿತ್ತು. ನೀಲಕ್ಕ ಅದನ್ನು ಕೇಳುತ್ತ ನಿಂತಳು. “ಉಂಡ ಕೈ ತೊಕ್ಕೊಂಡು ಕೆಲಸಾ ಸುರು ಮಾಡ” ಎಂದಳು. ಒಂದೇ ಒಂದು ಸಲ ಕಂಬಕ್ಕೆ ಅಂಗೈ ಹಚ್ಚಿ, ಕೊನೆಯ ಸಲ ಪೂರ್ತಿ ಕೇಳಿ, ಒಳಗೆ ಹೋದಳು. ನಾನು ಬ್ರಷ್ಷು ಹಿಡಿಯುವಾಗ ಹೊರಗೆ ಬರಲಿಲ್ಲ.

ಜಾಕ್‌ಗಳ ಕೆಳಗೆ ದಪ್ಪ ಹಲಗೆ ಕೊಟ್ಟು, ಇನ್ನೂ ನಾಲ್ಕು ಜಾಕ್ ಏರಿಸಿದೆ. ಎರಡು ದಿನ ಒಡೆದೆ, ಎರಡು ದಿನ ಉಜ್ಜಿದೆ. ಉಪ್ಪು ತಿಂದ ಕಾಂಕ್ರೀಟನ್ನು ಒಂದು ಹಿಡಿಯೂ ಬಿಡದೆ ಕೆರೆದು ತೆಗೆದೆ. ತೀರ ಸವೆದಿದ್ದ ಸರಳುಗಳ ಪಕ್ಕಕ್ಕೆ ಹೊಸವನ್ನು ಕಟ್ಟಿದೆ. ಆಮೇಲೆ ಸರಳಿಗೆ ಸತುವಿನ ಬಿಲ್ಲೆಗಳನ್ನು ತಂತಿಯಿಂದ ಬಿಗಿಯುತ್ತಿದ್ದಾಗ ನೀಲಕ್ಕ ಬಂದು ಇದೇನು ಎಂದು ಕೇಳಿದಳು.

“ಸತು ಅಕ್ಕ. ಕಬ್ಬಿಣಕ್ಕ ಹತ್ತೂ ತುಕ್ಕ ಇದು ತನ್ನ ಮೈಮ್ಯಾಲ ತೊಗೋತೈತಿ. ಇದು ಸವೀತೈತಿ, ಅದು ಉಳೀತೈತಿ.”

“ಹೆಣ್ಣ ಇರಬೇಕ ಅದು” ಎಂದಳು. ಬಿಲ್ಲೆಯೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿ, “ಇಲ್ಲ, ಅಡಿವೆಪ್ಪನ ಜಾತೀದು” ಎಂದಳು. ಗಂಡನ ಹೆಸರನ್ನು ಆಕೆಯೂ ಅವತ್ತೇ ಮೊದಲು ಹೇಳಿದ್ದು.

ಕಾಂಕ್ರೀಟಿನ ದಿನ ಎಂಟು ಮೈಲಿಯಾಚೆಯ ಹೊಂಡಕ್ಕೆ ನಾನೇ ಹೋಗಿ ನೀರು ತಂದೆ. ತಲೆಗೆ ಒಂದು ಹನಿ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಲು ಕೂದಲೂ ಉಳಿದಿಲ್ಲ ಎನ್ನಿ. ನೀಲಕ್ಕ ಬೊಗಸೆಯೊಡ್ಡಿ ಕುಡಿದಳು. ಮತ್ತೊಮ್ಮೆ ಕುಡಿದಳು. ಪ್ರತಿ ಕೊಡವನ್ನೂ ಕುಡಿದು ನೋಡಿದಳು, ಹೊಟ್ಟೆ ಉಬ್ಬುವ ತನಕ. ಆಮೇಲೆ ತಲೆಯಾಡಿಸಿದಳು. ಇಬ್ಬರೂ ಬಾಯಿಗೆ ಬೆಲ್ಲ ಹಾಕಿಕೊಂಡೆವು.

ಹಲಗೆಯೊಳಗೆ ಕಾಂಕ್ರೀಟು ಎದೆಮಟ್ಟಕ್ಕೆ ಬಂದಾಗ ಆಕೆ ನನ್ನ ತೋಳು ಮುಟ್ಟಿ, ಮುಷ್ಟಿ ತೋರಿಸಿದಳು. ನಿಲ್ಲಿಸಿದೆ. ಬಾಯಲ್ಲಿನ ಬೆಲ್ಲವನ್ನು ಅಂಗೈಗೆ ತೆಗೆದುಕೊಂಡು ಹಲಗೆಯ ಬಾಯಿಗೆ ಬಗ್ಗಿದಳು. ನಾನು ಆಚೆ ತಿರುಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತೆ. ಆಕೆ ಬಹಳ ಹೊತ್ತು ಮಾತಾಡಿದಳು. ಅವನ ಮಾತಿಗೆ ಮೂವತ್ತು ವರ್ಷದ ನಂತರ ಉತ್ತರ ಕೊಡುವುದಿತ್ತಲ್ಲ, ಬಾಕಿ ಬಹಳವೇ ಇದ್ದಿರಬೇಕು. ಮುಗಿದ ಮೇಲೆ ಬೆಲ್ಲವನ್ನು ಮತ್ತೆ ಬಾಯಿಗೆ ಹಾಕಿಕೊಂಡು ಇನ್ನು ಸುರಿ ಎಂದು ಕೈಸನ್ನೆ ಮಾಡಿದಳು. ಹಲಗೆ ಬಿಚ್ಚಿ, ಗೋಣಿ ಸುತ್ತಿ, ಎರಡು ವಾರ ಹಗಲಿಗೆ ನಾಲ್ಕು ಸಲ ಸಿಹಿನೀರು ಉಣಿಸಿದೆವು. ಅಷ್ಟು ದಿನ ಕಳೆದ ಮೇಲೆ ಆಕೆ ನನಗೆ ಹೇಳಿದ್ದು ಇಷ್ಟೇ: “ಹೊರಗ ಬರಬಾರ್ದು ನೋಡ. ಅದು ಅಂವಗ ಅಷ್ಟ.”

ಮಕ್ಕಳು ಮೇಲೆ ಮರಳಿ ಬಂದು ಕಪ್ಪೆಯಾಟ ಶುರುಮಾಡಿ ಎಂಟು ವರ್ಷವಾಯಿತು. ಆ ಮೂವತ್ತೊಂದರಲ್ಲಿ ಕೆಲವಕ್ಕೆ ಈಗ ಮೀಸೆ ಚಿಗುರುತ್ತಿದೆ. ಪ್ರತಿ ವರ್ಷ ಮೊದಲ ಮಳೆ ಬಿದ್ದ ದಿನ ನಾನು ಸುತ್ತಿಗೆ ಹಿಡಿದು ಹೋಗಿ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ಬಡಿದು ನೋಡುತ್ತೇನೆ. ಟಣ್, ಟಣ್, ಟಣ್. ಕಿವಿಯನ್ನೂ ಹಚ್ಚುತ್ತೇನೆ.

“ಏನರ ಅಂತೇನು?” ಎಂದು ಒಲೆಯ ಮುಂದಿನಿಂದ ನೀಲಕ್ಕ ಕೇಳುತ್ತಾಳೆ.

“ಇಲ್ಲಕ್ಕ. ಮೂಕ ಐತಿ.”

“ಚಲೋ ಆತು. ಕುಂದರ ಹಂಗಾರ” ಎಂದು ತಟ್ಟೆ ಇಡುತ್ತಾಳೆ. ರೊಟ್ಟಿಯ ಮೇಲೆ ರೊಟ್ಟಿ ಬೀಳುತ್ತದೆ. ಬೇಡ ಎನ್ನಲು ಈಗ ಅಲ್ಲಿ ಯಾರೂ ಇಲ್ಲ.